ಅಕ್ಕ ‘ಆಯ್ತ್’ ಎಂದ ಮೇಲೆ

ಈಗ ನಾನು ಕೆಲಸ ಮಾಡುವುದು ಬಿಜೂರಿನ ನಮ್ಮ ಮನೆಯ ಚಾವಡಿಯ ಮೂಲೆಯಲ್ಲಿ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಎಲ್ಲೆಲ್ಲಿಯೋ ಕೂತವರು ಬರೆದ ಕೋಡಿನ ಬದಲಾವಣೆಗಳು ಸಾಲಾಗಿ ಕಾಯುತ್ತಿರುತ್ತವೆ. ತೆಗೆದುಹಾಕಿದ ಸಾಲು ಕೆಂಪು, ಹೊಸದಾಗಿ ಸೇರಿಸಿದ್ದು ಹಸಿರು. ಓದಬೇಕು, ಸಂಶಯ ಬಂದಲ್ಲಿ ಕಾಮೆಂಟು ಬರೆಯಬೇಕು, ಸರಿ ಕಂಡರೆ ಒಪ್ಪಿಗೆಯ ಬಟನ್ ಒತ್ತಬೇಕು. ಯಾರ ಕೈಯಲ್ಲಿ ಯಾವ ಕೆಲಸವಿದೆ, ಎಷ್ಟು ಮುಗಿದಿದೆ, ಯಾರದ್ದನ್ನು ಯಾರು ನೋಡಿದ್ದಾರೆ, ಎಲ್ಲವೂ ಒಂದೇ ಟೂಲಿನಲ್ಲಿ ಕಾಣುತ್ತದೆ. ಮಾತೇ ಆಡಬೇಕಾಗಿಲ್ಲ. ಕೆಲವು ದಿನ ಮಧ್ಯಾಹ್ನ ಊಟಕ್ಕೆ ಏಳುವಾಗ, ಬೆಳಗಿನಿಂದ ಬಾಯಿ ತೆರೆದೇ ಇಲ್ಲ ಎಂಬುದು ನೆನಪಾಗುತ್ತದೆ. ಆಗ ಅಡುಗೆಮನೆಯ ಬೆಕ್ಕನ್ನಾದರೂ ಬೈದು ಗಂಟಲು ಸರಿಮಾಡಿಕೊಳ್ಳುತ್ತೇನೆ.

ಬೆಕ್ಕಿಗೆ ಬೈಯುವ ಗತಿ ನನಗೆ ಮೊದಲು ಇರಲಿಲ್ಲ. ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನಮ್ಮದೊಂದು ಆಫೀಸಿತ್ತು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವಂತಿಲ್ಲ. ಸೆಕೆಗೆ ಕಿಟಕಿ ತೆರೆದರೆ ಬಸ್ಸಿನ ಹಾರನ್ನು, ಮುಚ್ಚಿದರೆ ಬೆವರು. ಅಂಥಲ್ಲಿ ಕೂತು ನಾವು ನಾಲ್ಕೈದು ಜನ ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಆಫೀಸಿನ ಯಜಮಾನರು ಬ್ರಹ್ಮಾವರದ ಕಡೆಯ ದೊಡ್ಡ ಬೇಸಾಯದ ಮನೆಯವರು. ಅವರ ನೆಂಟರಿಷ್ಟರೆಲ್ಲ ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಹೋಟೆಲು ಇಟ್ಟವರು. ಗಲ್ಲಾದಲ್ಲಿ ಕೂರುವುದಕ್ಕಿಂತ ಗಲ್ಲಾಕ್ಕೆ ಬೇಕಾದ ಸಾಫ್ಟ್‌ವೇರ್ ಮಾಡಿಸುವುದು ಸುಖ ಎಂದು ಲೆಕ್ಕ ಹಾಕಿದ ಮೊದಲ ಮನುಷ್ಯ ಅವರೇ ಇರಬೇಕು. ಗಿರಾಕಿ ಹುಡುಕುವ ಕೆಲಸವೂ ಅವರಿಗಿರಲಿಲ್ಲ, ಒಂದು ಮದುವೆ ಊಟಕ್ಕೆ ಹೋಗಿ ಬಂದರೆ ಇಬ್ಬರು ಸಿಕ್ಕಿರುತ್ತಿದ್ದರು.

ನಾವು ಬರೆದದ್ದನ್ನೆಲ್ಲ ನೋಡಿ ಒಪ್ಪಿಗೆ ಕೊಡುವವರು ಅಕ್ಕ. ಕೋಟದವರು, ನಮಗೆಲ್ಲರಿಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಮುಂಬಯಿಗೆ ಮದುವೆಯಾಗಿ ಹೋಗಿ, ಅಲ್ಲಿ ಕಂಪನಿಯಲ್ಲಿ ದುಡಿದು, ಸಂಸಾರ ಕೂಡಿಬರದೆ ತವರಿಗೆ ಬಂದಿದ್ದರು. ಹಾಗೆ ಬಂದವಳನ್ನು ಊರು ಸುಮ್ಮನೆ ಬಿಡುವುದುಂಟೇ? ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ಕೋಟದಿಂದ ಕುಂದಾಪುರ ಮುಟ್ಟುವುದರೊಳಗೆ ‘ಮುಂಬೈಗ್ ವಾಪಸ್ ಹೋಪುದ್ ಯಾವಾಗ?’ ಎಂದು ಕೇಳದೆ ಇಳಿಯುತ್ತಿರಲಿಲ್ಲ. ಅಕ್ಕ ಮೆಟ್ಟಿಲು ಹತ್ತಿ ಬಂದವರೇ ಚೀಲವನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ, ‘ಇಲ್ ಬಂದ್ ಕೂಕಂಡ್ರೆ ನಂಗೆ ಯಾರೂ ಎಂತದೂ ಕೇಂತಿಲ್ಲ, ಇಲ್ ನಾನೇ ಕೇಂಬುದ್’ ಎನ್ನುತ್ತಿದ್ದರು. ತಮಾಷೆಗೆ ಹೇಳಿದಂತಿದ್ದರೂ ಅದು ತಮಾಷೆಯಲ್ಲ ಎಂದು ನಮಗೆ ಗೊತ್ತಿತ್ತು. ಆ ಕೆಲಸ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ಅವರಿಗೆ ಬೇರೆ ಏನೂ ಇರಲಿಲ್ಲ.

ಅಕ್ಕ ಕೋಡ್ ನೋಡುವ ರೀತಿಯೇ ಬೇರೆ. ಬಣ್ಣ ಹಚ್ಚದೆ, ಕುಣಿಯದೆ, ಎದುರುಬದುರು ಕೂತು ಮಾತಿನಲ್ಲೇ ವಾದಿಸುವ ತಾಳಮದ್ದಳೆಗೆ ನಮ್ಮ ಕಡೆ ಕೂಟ ಎನ್ನುತ್ತಾರೆ. ನಮ್ಮ ಆಫೀಸಿನ ರಿವ್ಯೂಗೂ ಅದೇ ಹೆಸರು ಬಿದ್ದಿತ್ತು. ಮಧ್ಯಾಹ್ನ ಚಹಾದ ಹೊತ್ತಿಗೆ ಮೊದಲು ಕುರ್ಚಿಗಳನ್ನು ಎಳೆದುಕೊಳ್ಳುವುದು. ಬದಲಾವಣೆ ಬರೆದವರು ಸ್ವತಃ ಆ ಪ್ರೋಗ್ರಾಮಿನ ಪಾತ್ರ ವಹಿಸಿ, ‘ನಾನು’ ಎಂದೇ ಮಾತಾಡಬೇಕು. ಅಕ್ಕ ಗಿರಾಕಿ, ಸಪ್ಲೈಯರ್, ಅಡುಗೆ ಭಟ್ಟ, ಗಲ್ಲಾದ ಯಜಮಾನ, ಯಾರು ಬೇಕಾದರೂ ಆಗಬಹುದು.

‘ನಾನ್ ಬಿಲ್. ನನ್ನ ಈಗ್ಳೇ ತೆರ್ದಿದ್ರ್’ ಎಂದು ನಾವು ಶುರುಮಾಡುವುದು.

‘ಹ್ವಾಯ್ ಬಿಲ್ಲೇ, ನಾನ್ ಎರಡ್ ಇಡ್ಲಿ ಹೇಳಿದ್ದೆ. ಒಂದ್ ತಿಂದ್ ಆಯ್ತ್. ಇನ್ನೊಂದ್ ಬ್ಯಾಡ. ಎಂತ ಮಾಡ್ತಿ?’

‘ಒಂದ್ ಕಡ್ಮಿ ಮಾಡ್ತೆ.’

‘ಮಾಡ್. ಆ ಸುದ್ದಿ ಅಡ್ಗಿಯವ್ನಿಗೆ ಹೇಳುದ್ ಯಾರ್?’

ಬಿಲ್ಲು ತಲೆ ಕೆರೆದುಕೊಳ್ಳುತ್ತಿತ್ತು.

‘ಸುಮ್ನೆ ಕೂತ್ರೆ ಆತ್ತಿಲ್ಲ. ಹೋಯಿ ಸರಿ ಮಾಡ್ಕಂಡ್ ಬಾ.’

ಅಷ್ಟೇ. ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗಿ ಮತ್ತೆ ಬರೆಯುವುದು, ಮಾರನೆಯ ದಿನ ಮತ್ತೆ ಬಿಲ್ಲಾಗಿ ಬಂದು ಕೂರುವುದು. ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಮೊದಲು ಅಕ್ಕನ ಮೇಲೆ ಹಲ್ಲು ಕಡಿಯುತ್ತಲೇ ಬಿಜೂರಿನ ಬಸ್ಸು ಹತ್ತುತ್ತಿದ್ದೆ. ಬರುಬರುತ್ತಾ ಬರೆಯುವಾಗಲೇ ಹೆದರಿಕೆ ಶುರುವಾಯಿತು. ಇಲ್ಲಿ ಅಕ್ಕ ಏನು ಕೇಳಬಹುದು, ಯಾರ ವೇಷದಲ್ಲಿ ಕೇಳಬಹುದು ಎಂದು. ಕೊನೆಗೂ ಅವರ ಪ್ರಶ್ನೆಗಳು ಮುಗಿದ ದಿನ ಟೂಲನ್ನು ತೆರೆದು, ನಮ್ಮ ಬದಲಾವಣೆಯ ಕೆಳಗೆ ಒಂದೇ ಒಂದು ಪದ ಬರೆಯುತ್ತಿದ್ದರು. ‘ಆಯ್ತ್.’ ಆ ಪದಕ್ಕಾಗಿ ನಾವು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ಆ ಮಧ್ಯಾಹ್ನಗಳು ಈಗ ಬೇಕೆಂದರೂ ಸಿಗುವುದಿಲ್ಲ. ಬೈಸಿಕೊಂಡದ್ದು ಕೂಡ ಈಗ ಬೇಕೆನಿಸುತ್ತದೆ.

ನಮ್ಮ ಯಜಮಾನರು ಒಂದು ದಿನ ಆಫೀಸನ್ನು ಬೆಂಗಳೂರಿನ ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ನಮಗೆಲ್ಲ ಸ್ವೀಟು ಹಂಚಿ ಬ್ರಹ್ಮಾವರಕ್ಕೆ ಹೋಗಿ ತೋಟ ನೋಡಿಕೊಂಡು ಕೂತರು. ಕುರ್ಚಿ, ಮೇಜು, ನಾವು ಎಲ್ಲ ಅಲ್ಲೇ ಇದ್ದೆವು, ಮೇಲಿನವರು ಮಾತ್ರ ಬದಲಾದರು. ಹೊಸ ಮ್ಯಾನೇಜರು ಮೈಸೂರು ಕಡೆಯವರು, ಪರದೆಯ ಮೇಲೆ ಮಾತ್ರ ಕಾಣುವವರು. ಒಳ್ಳೆಯ ಮಾತಿನ ಮನುಷ್ಯ, ಬೈಯುವಾಗಲೂ ‘ದಯವಿಟ್ಟು’ ಎನ್ನುತ್ತಿದ್ದರು. ಅದನ್ನು ಕಂಡರೇ ನನಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ನಮ್ಮೆಲ್ಲರನ್ನೂ ವೀಡಿಯೊ ಕಾಲ್‌ಗೆ ಕರೆದು, ಟೂಲಿನ ಒಂದು ಪುಟವನ್ನು ಪರದೆಯ ಮೇಲೆ ತೋರಿಸಿದರು. ಯಾರು ಎಷ್ಟು ರಿವ್ಯೂ ಮಾಡಿದ್ದಾರೆ, ಏನು ಬರೆದಿದ್ದಾರೆ ಎಂಬ ಪುಟ ಅದು. ಅಕ್ಕನ ಹೆಸರಿನ ಕೆಳಗೆ ಆಯ್ತ್, ಆಯ್ತ್, ಆಯ್ತ್ ಎಂದು ಕೆಳಗಿನವರೆಗೂ ಸಾಲು ಇಳಿದಿತ್ತು. ನಮಗೆ ಒಂದೊಂದು ಆಯ್ತಿನ ಹಿಂದೆ ಒಂದೊಂದು ಜಗಳ ಕಾಣುತ್ತಿತ್ತು. ಅವರಿಗೆ ಕಂಡದ್ದು ಆ ಸಾಲು ಅಷ್ಟೇ.

‘ದಯವಿಟ್ಟು ತಪ್ಪು ತಿಳೀಬೇಡಿ’ ಎಂದರು. ‘ಒಂದು ಪ್ರಶ್ನೆ ಇಲ್ಲ, ಒಂದು ತಕರಾರಿಲ್ಲ. ಇವರು ಏನನ್ನೂ ನೋಡದೆ ಬಿಡ್ತಿದ್ದಾರೆ ಅಂತಲೇ ಯಾರಿಗಾದರೂ ಅನ್ಸುತ್ತೆ.’

‘ನಾವ್ ಬಾಯಂಗೆ ಕೇಂಬುದ್ ಸರ್’ ಎಂದರು ಅಕ್ಕ.

‘ಬಾಯಲ್ಲಿ ಕೇಳಿದ್ದು ನನಗೆ ಹೇಗೆ ಗೊತ್ತಾಗಬೇಕು ಮೇಡಂ?’

ಅವರು ಕೇಳಿದ್ದು ತಪ್ಪೇನಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ, ಇನ್ನೂ ಜೋರಾಗಿ ಕೇಳುತ್ತಿದ್ದೆ. ತಿಂಗಳ ಕೊನೆಗೆ ಯಾರು ಉಳಿಯಬೇಕು, ಯಾರು ಬೇಡ ಎಂದು ಅವರು ಮೇಲಕ್ಕೆ ಬರೆದು ಕಳಿಸಬೇಕಿತ್ತು. ಅಷ್ಟರೊಳಗೆ ಅಕ್ಕ ರಿವ್ಯೂ ಮಾಡಿದ್ದಾರೆ ಎಂದು ತೋರಿಸುವಂಥದ್ದು ಏನಾದರೂ ಇದ್ದರೆ ತೋರಿಸಿ ಎಂದರು. ಇಲ್ಲದಿದ್ದರೆ ಅಕ್ಕನ ಕೆಲಸ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕೂಟವನ್ನೇ ಕ್ಯಾಮೆರಾದಲ್ಲಿ ತೋರಿಸುವ ಎಂದೆ ನಾನು. ‘ನಾನೆಂತ ಸರ್ಕಸ್ಸಾ?’ ಎಂದು ಅಕ್ಕ ಅಲ್ಲೇ ಕತ್ತರಿಸಿದರು. ಇನ್ನು ಮುಂದೆಯಾದರೂ ಕಾಮೆಂಟು ಬರೆಯಿರಿ ಎಂದು ನಾವು ಹೇಳಿದ್ದಕ್ಕೆ ಎರಡು ದಿನ ಪ್ರಯತ್ನಪಟ್ಟರು. ಇಂಗ್ಲಿಷಿನಲ್ಲಿ ‘ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ’ ಎಂಬಂಥ ಒಣ ವಾಕ್ಯಗಳು. ಗಿರಾಕಿಯಾಗಿ ಮೇಜು ಕುಟ್ಟಿ ಕೇಳುತ್ತಿದ್ದ ಮನುಷ್ಯ ಇವರೇ ಎಂದರೆ ನಂಬುವಂತಿರಲಿಲ್ಲ. ಆ ವಾರ ಅಕ್ಕ ಚಹಾಕ್ಕೂ ಏಳಲಿಲ್ಲ. ಸಂಜೆ ಹೊರಡುವಾಗ ಕುರ್ಚಿಯನ್ನು ಎರಡೆರಡು ಸಲ ಮೇಜಿನೊಳಕ್ಕೆ ದೂಡಿ ಹೋಗುತ್ತಿದ್ದರು.

ಉಪಾಯ ಹೊಳೆದದ್ದು ನಮ್ಮ ಬೈಂದೂರಿನವನಿಗೆ. ಅವನು ನನ್ನ ಪಕ್ಕದ ಮೇಜಿನವನು, ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಅಕ್ಕ ಆಚೆ ಹೋದ ಹೊತ್ತು ನೋಡಿ, ‘ಅಕ್ಕ ಬರಿಯದಿದ್ರೆ ಬ್ಯಾಡ, ನಾವ್ ಬರಿವ’ ಎಂದ. ಹಳೆಯ ಬದಲಾವಣೆಗಳು ಟೂಲಿನಲ್ಲಿ ಹಾಗೆಯೇ ಇದ್ದವು. ಪ್ರತಿಯೊಂದು ‘ಆಯ್ತ್’ ಕೆಳಗೆ, ಅವತ್ತು ಅಕ್ಕ ನಮಗೆ ಕೇಳಿದ್ದೇನು, ನಾವು ತಿದ್ದಿದ್ದೇನು ಎಂದು ನೆನಪಿದ್ದವರು ನೆನಪಿದ್ದಷ್ಟು ಬರೆಯುವುದು. ಅಕ್ಕನಿಗೆ ಹೇಳುವುದು ಬೇಡ, ಹೇಳಿದರೆ ಬಿಡುವುದಿಲ್ಲ.

ನೆನಪಿಗೇನು ಬರಗಾಲ? ತಿಂದ ಊಟ ಮರೆಯುತ್ತದೆ, ತಿಂದ ಬೈಗುಳ ಮರೆಯುವುದಿಲ್ಲ. ತಿಂಡಿಗಳ ಹೆಸರನ್ನು ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಜೋಡಿಸಿ ಬೈಂದೂರಿನವನು ಬೀಗಿದ್ದ ದಿನ, ಅಕ್ಕ ಗಲ್ಲಾದ ಯಜಮಾನರಾಗಿ ಒಂದು ಕೈಯಲ್ಲಿ ಚಿಲ್ಲರೆ ಎಣಿಸುವ ನಟನೆ ಮಾಡಿ, ‘ಚಾ ಎಲ್ಲಿತ್ ಮಾರಾಯ? ನಾನ್ ಹುಡ್ಕುದ್ರೊಳ್ಗೆ ಗಿರಾಕಿ ಕುಡ್ದ್ ಹೋದ’ ಎಂದಿದ್ದರಂತೆ. ಅದನ್ನು ಅವನು ಬರೆದ. ಈರುಳ್ಳಿ ಬೇಡ ಎಂದು ಗಿರಾಕಿ ಹೇಳಿದ್ದು ಪಾರ್ಸೆಲಿನ ಚೀಟಿಯಲ್ಲಿ ಬರುತ್ತದೋ ಇಲ್ಲವೋ ಎಂದು ಉಪವಾಸದ ಅಜ್ಜಿಯಾಗಿ ಕೇಳಿದ್ದನ್ನು ಇನ್ನೊಬ್ಬಳು ಬರೆದಳು. ಕೆಲಸದ ನಡುನಡುವೆ ಒಬ್ಬರು ನಗುವುದು, ಇನ್ನೊಬ್ಬರು ಎದ್ದು ಬಂದು ಓದುವುದು. ಆಫೀಸು ಮಾರಿದ ಮೇಲೆ ನಾವು ಹಾಗೆ ನಕ್ಕಿರಲೇ ಇಲ್ಲ.

ನಾನು ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಕೊಂಡೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ್ದು. ಟೇಬಲಿನ ಬಿಲ್ಲು ಮುಗಿದ ಕೂಡಲೇ ಆ ಟೇಬಲಿನ ಬಾಕಿ ಆರ್ಡರುಗಳೆಲ್ಲ ಅಳಿಸಿಹೋಗಿ, ಟೇಬಲ್ ಖಾಲಿ ಎಂದು ತೋರಿಸುವಂತೆ ನಾನು ಕೋಡ್ ಬರೆದಿದ್ದೆ. ಎಷ್ಟು ಚೊಕ್ಕ ಎಂದರೆ ನನಗೇ ಹೆಮ್ಮೆ. ಆದರೆ ನಮ್ಮವರ ಹೋಟೆಲುಗಳಲ್ಲಿ ಟೇಬಲ್ ಎಂಬುದು ಒಬ್ಬರ ಸ್ವತ್ತೇ? ಎದುರು ಜಾಗ ಖಾಲಿಯಿದ್ದರೆ ಗುರುತಿಲ್ಲದವರು ಬಂದು ಕೂರುತ್ತಾರೆ, ಸಪ್ಲೈಯರೇ ತಂದು ಕೂರಿಸುತ್ತಾನೆ. ಮೊದಲು ಬಂದವರು ದುಡ್ಡು ಕೊಟ್ಟು ಎದ್ದರೆ, ಎದುರಿಗೆ ಕೂತವರ ದೋಸೆಯೂ ಬಿಲ್ಲೂ ನನ್ನ ಪ್ರೋಗ್ರಾಮಿನಲ್ಲಿ ಮಾಯ. ಭಾನುವಾರ ಬೆಳಗಿನ ಗದ್ದಲದಲ್ಲಿ ಅದೇನಾದರೂ ಓಡಿದ್ದರೆ, ಒಂದೇ ಗಂಟೆಯಲ್ಲಿ ಹೋಟೆಲಿನವರೆಲ್ಲ ನಮ್ಮ ಯಜಮಾನರ ಜನ್ಮ ಜಾಲಾಡುತ್ತಿದ್ದರು.

ಕೂಟದಲ್ಲಿ ಅಕ್ಕ ಅದರ ಬಗ್ಗೆ ಕೇಳಿದ್ದನ್ನು ನಾನು ವಿಸ್ತಾರವಾಗಿ ಬರೆದೆ. ಅಕ್ಕ ಎರಡನೆಯ ಗಿರಾಕಿಯಾಗಿ ಬಟ್ಟಲು ಮುಂದೆ ಹಿಡಿದು, ‘ಅವ್ರ್ ಎದ್ದ್ರೆ ನನ್ನ ದೋಸಿ ಎಂತಕ್ಕೆ ಹೋತ್?’ ಎಂದದ್ದು, ನಾನು ಬೆಪ್ಪಾಗಿ ನಿಂತದ್ದು, ಅವತ್ತೇ ತಿದ್ದಿದ್ದು, ಎಲ್ಲವನ್ನೂ. ಬರೆದು ಮುಗಿಸಿ ಪಕ್ಕದ ಮೇಜಿಗೆ ತೋರಿಸಿದೆ. ಬಾಕಿಯದೆಲ್ಲ ಇಲ್ಲದಿದ್ದರೂ ಇದೊಂದೇ ಸಾಕು, ಇದನ್ನು ಓದಿದ ಮೇಲೆ ಆ ಮ್ಯಾನೇಜರು ಅಕ್ಕನನ್ನು ಹೇಗೆ ಕಳಿಸುತ್ತಾರೋ ನೋಡುವ ಎಂದ ಬೈಂದೂರಿನವನು. ನನಗೂ ಹಾಗೆಯೇ ಅನ್ನಿಸಿತ್ತು.

ಮಾರನೆಯ ದಿನ ಅಕ್ಕ ಬಂದು ಟೂಲು ತೆರೆದರು. ಯಾರಾದರೂ ಕಾಮೆಂಟು ಬರೆದರೆ ಆ ಟೂಲು ಚಾಡಿ ಹೇಳದೆ ಬಿಡುವುದಿಲ್ಲ, ಎಲ್ಲವೂ ಅವರ ಕಣ್ಣಿಗೆ ಬಿತ್ತು. ಅಕ್ಕ ಒಂದೊಂದನ್ನೇ ಓದುತ್ತ ಹೋದರು. ನಾವು ಯಾರೂ ತಲೆಯೆತ್ತಲಿಲ್ಲ. ಆಮೇಲೆ ಟೈಪು ಮಾಡುವ ಸದ್ದು ಶುರುವಾಯಿತು. ಇಂಗ್ಲಿಷಲ್ಲ, ಕನ್ನಡ ಅಕ್ಷರದಲ್ಲಿ, ಬಾಯಲ್ಲಿ ಆಡುವ ಹಾಗೆಯೇ. ಅವರು ಕೂತದ್ದು ನಮ್ಮಿಂದ ಕೈಯಳತೆಯ ದೂರದಲ್ಲಿ. ಮಾತು ಬಂದು ಬೀಳುತ್ತಿದ್ದುದು ಮಾತ್ರ ನಮ್ಮ ಪರದೆಯ ಮೇಲೆ.

‘ನಾನ್ ಚಾ ಅಂದದ್ದಲ್ಲ, ಕಷಾಯ. ಚಾ ನಿನ್ನ ಪಟ್ಟೀಲ್ ಮೇಲೇ ಇದ್ದಿತ್’ ಎಂದು ಬೈಂದೂರಿನವನಿಗೆ. ‘ಅಜ್ಜಿ ಆದದ್ದ್ ನಾನಲ್ಲ, ನೀನೇ ಅಜ್ಜಿ ಆದ್ದ್. ಪ್ರಶ್ನೆ ನಂದೇ’ ಎಂದು ಇನ್ನೊಬ್ಬಳಿಗೆ. ತನ್ನ ಕೆಲಸ ಉಳಿಸಿಕೊಳ್ಳಲು ಒಂದು ಸಾಲು ಬರೆಯಲು ಬಾರದವರು, ನಾವು ತಪ್ಪು ಹೇಳಿದ್ದನ್ನು ಸಹಿಸಲಾರದೆ ಪುಟಗಟ್ಟಲೆ ಬರೆಯುತ್ತಿದ್ದರು. ಬೈಂದೂರಿನವನು ಬಿಡದೆ ಎದುರುತ್ತರ ಬರೆದ. ಅದಕ್ಕೆ ಅಕ್ಕ ಮತ್ತೆ ಬರೆದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ನನ್ನದರ ಕೆಳಗೂ ಬಂತು.

‘ಇದ್ ನಾನ್ ಕೇಂಡದ್ದಲ್ಲ, ನೀನ್ ಕೇಂಡದ್ದ್. ಕೂಟದಲ್ ನಾನ್ ಆಯ್ತ್ ಅಂದಿದ್ದೆ. ಚಾ ಕುಡೂಕೆ ಕೆಳ್ಗ್ ಹೋದಲ್ ನಮ್ಮ ಎದ್ರಿಗೆ ಒಬ್ರ್ ಅಜ್ಜ ಬಂದ್ ಕೂಕಂಡ್ರ್. ನಾವ್ ದುಡ್ ಕೊಟ್ಟ್ ಎದ್ದ್ರೆ ಇವ್ರ್ ಬಿಲ್ ಎಂತ ಆತ್ತ್ ಅಕ್ಕ ಅಂದೇಳಿ ಕೇಂಡದ್ದ್ ನೀನ್. ಚಾ ಅಲ್ಲೇ ಬಿಟ್ಟ್ ಓಡಿ ಹೋಯಿ ಸರಿ ಮಾಡಿದ್ದೂ ನೀನ್. ನಾನ್ ಅದನ್ನ ಕಾಣ್ದೇ ಬಿಟ್ಟದ್ದ್.’

ನನ್ನ ನಗು ಅಲ್ಲೇ ನಿಂತಿತು. ಓದಿದ ಮೇಲೆ ನನಗೆ ನೆನಪಾಯಿತು. ಬಟ್ಟೆ ಅಂಗಡಿಯ ಪಕ್ಕದ ಹೋಟೆಲು, ಕಾಲ ಸಂದಿಯಲ್ಲಿ ಕೊಡೆ ಇಟ್ಟುಕೊಂಡು ಕೂತಿದ್ದ ಅಜ್ಜ, ನಾನು ಎದ್ದು ಓಡಿದ್ದು, ಎಲ್ಲವೂ. ನಾನು ಬೇಕೆಂದು ಸುಳ್ಳು ಬರೆದದ್ದಲ್ಲ. ಇಷ್ಟು ವರ್ಷ ಅದನ್ನು ಅಕ್ಕ ಕೇಳಿದ್ದೆಂದೇ ನಂಬಿದ್ದೆ. ನನ್ನ ತಲೆಯೊಳಗೆ ಬರುವ ಇಂಥ ಪ್ರಶ್ನೆಗಳೆಲ್ಲ ಅಕ್ಕನ ಧ್ವನಿಯಲ್ಲೇ ಬರುತ್ತಿದ್ದವು, ಯಾವುದು ಯಾರದ್ದೆಂದು ಬೇರೆ ಮಾಡುವುದಾದರೂ ಹೇಗೆ?

ಆದರೆ ನನ್ನನ್ನು ಕಂಗೆಡಿಸಿದ್ದು ಕೊನೆಯ ಸಾಲು. ನೋಡದೆ ಬಿಡುತ್ತಾರೆ ಎಂದೇ ಮ್ಯಾನೇಜರು ಆರೋಪ ಹೊರಿಸಿದ್ದು. ಈಗ ಅಕ್ಕನೇ, ಅವರು ಓದುವ ಜಾಗದಲ್ಲಿ, ಹೌದು ಎಂದು ಬರೆದುಕೊಟ್ಟಿದ್ದರು. ನಾನು ಎದ್ದು ಹೋಗಿ ಅವರ ಮೇಜಿನ ಮುಂದೆ ನಿಂತೆ.

‘ಅದನ್ನ ಅಳ್ಸಿ ಅಕ್ಕ.’

‘ಎಂತಕ್ಕೆ?’

‘ನಿಮ್ಗ್ ಕೆಲ್ಸ ಬೇಕಾ, ಬ್ಯಾಡದಾ?’ ನನ್ನ ಧ್ವನಿ ಏರಿತ್ತು. ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು.

ಅಕ್ಕ ಸಿಟ್ಟಾಗಲಿಲ್ಲ. ‘ಬೇಕ್ ಮಾರಾಯ್ತಿ’ ಎಂದರು. ‘ಬೇಕ್ ಅಂದೇಳಿ ನಿಂದ್ ತಕಂಡ್ ನಾನ್ ಕೂಕಂಬುದಾ?’

ನಾನು ಅಳಿಸಿ ಎಂದು ಮತ್ತೂ ಎರಡು ಸಲ ಹೇಳಿದೆ. ಕೈ ಮುಗಿಯುವುದೊಂದು ಬಾಕಿ. ನನ್ನ ಕಾಮೆಂಟನ್ನೇ ಅಳಿಸಿದರೆ ಅದರ ಕೆಳಗಿನದೂ ಹೋಗುತ್ತದೋ ಎಂದು ನೋಡಿದೆ, ಹೋಗುವಂತಿರಲಿಲ್ಲ. ಮ್ಯಾನೇಜರು ಅಷ್ಟರಲ್ಲಿ ಅದನ್ನು ಓದಿದ್ದಾರೆ ಎಂದು ಟೂಲೇ ತೋರಿಸಿತು. ಇನ್ನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ತಿಂಗಳ ಕೊನೆಗೆ ಉಳಿದಿದ್ದ ಆ ನಾಲ್ಕು ದಿನ ಹೇಗೆ ಕಳೆದವೋ ಕಾಣೆ. ಅಕ್ಕ ಮಾತ್ರ ಚಹಾಕ್ಕೆ ಏಳತೊಡಗಿದ್ದರು.

ಕೊನೆಗೆ ಕರೆ ಬಂತು. ಮ್ಯಾನೇಜರು ಮೊದಲು ಮಾಡಿದ್ದು, ಕೇಂಡದ್ದ್ ಅಂದರೆ ಏನು, ಕೂಕಂಡ್ರ್ ಅಂದರೆ ಏನು ಎಂದು ಬರೆದಿಟ್ಟುಕೊಂಡ ಪದಗಳ ಅರ್ಥ ಕೇಳಿದ್ದು. ನಮಗೆ ಅಕ್ಕನ ಕೆಲಸದ ಚಿಂತೆ, ಇವರಿಗೆ ನಿಘಂಟಿನ ಚಿಂತೆ. ಆಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು.

‘ಒಂದೇ ವಾರದಲ್ಲಿ ಇಷ್ಟು ಕಾಮೆಂಟು ಬಂದರೆ ನನಗೆ ಗೊತ್ತಾಗಲ್ವಾ? ಎಲ್ಲ ಸೇರಿ ಇವರನ್ನ ಉಳಿಸೋಕೆ ಕಟ್ಟಿದ ಕತೆ ಅಂತ ತೀರ್ಮಾನ ಮಾಡಿದ್ದೆ. ಕಳಿಸೋ ಮೇಲ್ ಕೂಡ ಬರೆದಾಗಿತ್ತು. ಆ ಟೇಬಲ್ ವಿಷಯದ್ದು ಓದಿದೆ. ತಾನು ನೋಡದೆ ಬಿಟ್ಟೆ ಅಂತ ಇವರೇ ಬರೀತಾರೆ ಅಂದ್ರೆ, ಬಾಕಿಯದ್ದು ಸುಳ್ಳಿರಲ್ಲ. ಮೇಡಂ, ನೀವು ಇರಿ. ಬಾಯಲ್ಲಿ ಕೇಳಿದ್ದನ್ನ ದಯವಿಟ್ಟು ಬರೀರಿ, ನಿಮ್ಮ ಭಾಷೆಯಲ್ಲೇ ಬರೀರಿ.’

ಅಕ್ಕ ‘ಬರಿತೆ’ ಎಂದರು. ಬರೆದರು ಕೂಡ. ಎಲ್ಲರೂ ಮನೆಯಿಂದಲೇ ಕೆಲಸ ಮಾಡಬಹುದೆಂದು ಕಂಪನಿ ಆಫೀಸನ್ನು ಮುಚ್ಚುವವರೆಗೂ ಅವರು ಆ ಕುರ್ಚಿಯಲ್ಲೇ ಇದ್ದರು. ಮನೆಯಲ್ಲಿ ಕೂತು ಮಾಡುವ ಕೆಲಸ ತನಗೆ ಬೇಡವೆಂದು ಬಿಟ್ಟು, ಈಗ ಬ್ರಹ್ಮಾವರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾರೆ. ಆ ಮಕ್ಕಳ ಪಾಡು ನೆನೆದರೆ ನಗು ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ಕರೆ ಬಂದ ದಿನ ಸಂಜೆ ನಾವಿಬ್ಬರೂ ಒಟ್ಟಿಗೇ ಬಸ್‌ಸ್ಟ್ಯಾಂಡಿಗೆ ಬಂದೆವು. ಅವರದ್ದು ಕೋಟದ ಕಡೆಗೆ, ನನ್ನದು ಬೈಂದೂರಿನ ಕಡೆಗೆ. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹಾಗೆ ಬರೆದು ಕೆಲಸ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಬಿಡದೆ ಕೇಳಿದೆ.

ಅಕ್ಕನ ಬಸ್ಸು ಬಂದಿತ್ತು. ಮೆಟ್ಟಿಲಿಗೆ ಕಾಲಿಟ್ಟು ಹೇಳಿದರು, ‘ಅಜ್ಜ ಬಂದ ದಿನ ನೀನ್ ಕೇಣದಿದ್ದಿದ್ರೆ ನನ್ನ ಕೆಲ್ಸ ಅವತ್ತೇ ಹೋತಿತ್ತ್. ಅದನ್ನ ನಿಂಗೆ ಹೇಳ್ಬೇಕ್ ಹೇಳ್ಬೇಕ್ ಅಂದೇಳಿ ಇಷ್ಟ್ ವರ್ಷ ಆಯ್ತ್ ಕಾಣ್. ಬಾಯಂಗೆ ಹೇಳುಕೆ ಆಯಿಲ್ಲ.’

ಕಂಡಕ್ಟರು ಸೀಟಿ ಊದಿದ. ಅಕ್ಕನ ಬಸ್ಸು ಸರ್ಕಲ್ ದಾಟಿದ ಮೇಲೆ ನಾನು ನನ್ನ ಬಸ್ಸು ಹತ್ತಿದೆ. ಆಮೇಲೆ ಬಿಜೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.